ಸೋಮಸೂತ್ರ ದಾಟಿದ ಸದಾನಂದ

ತೊರೆಯ ಅಗಲ ಎರಡೂವರೆ ಅಡಿ. ಆಡು ಅದನ್ನು ನೋಡದೆಯೇ ಹಾರುತ್ತದೆ. ತಲೆಯ ಮೇಲೆ ಕೊಡ ಹೊತ್ತ ಹೆಂಗಸು ಆಡುತ್ತಿದ್ದ ಮಾತು ನಿಲ್ಲಿಸದೆ ದಾಟುತ್ತಾಳೆ. ಆದರೆ ಹೆಜ್ಜೆ ಬಳಗದ ಇಪ್ಪತ್ತೆರಡು ಜನ ಗಟ್ಟಿಮುಟ್ಟಾದ ಸ್ವಯಂಸೇವಕರಿಗೆ ಆರು ತಿಂಗಳಾದರೂ ಅದನ್ನು ದಾಟಲು ಆಗಿರಲಿಲ್ಲ.

ಹೆಜ್ಜೆ ಬಳಗವೆಂದರೆ ಮದ್ರಾಸಿನ ಪಲ್ಲಾವರಂ ಸುತ್ತಮುತ್ತಲಿನ ಕನ್ನಡದವರು ಕಟ್ಟಿಕೊಂಡ ಕೂಟ. ಊರ ಹಿಂದಿನ ಮೊಟ್ಟೆಪಾರೆ ಎಂಬ ಕಲ್ಲುಗುಡ್ಡ ಕಾಯ್ದಿಟ್ಟ ಕಾಡಿಗೆ ಸೇರಿದ್ದು. ಕಾಡಿನ ಗೇಟಿನಿಂದ ಹೊರಟು ಗುಡ್ಡವನ್ನು ಬಳಸಿಕೊಂಡು ಮತ್ತೆ ಗೇಟಿಗೇ ಬರುವ ಮೂರು ಕಿಲೋಮೀಟರಿನ ಕಾಲುದಾರಿಯೊಂದಿತ್ತು. ಸೀಮೆಜಾಲಿ ಬೆಳೆದು ಅದು ಮುಚ್ಚಿಹೋಗಿತ್ತು. ಬಳಗದವರು 2003ರ ಆಗಸ್ಟಿನಿಂದ ಪ್ರತಿ ಭಾನುವಾರ ಮುಳ್ಳು ಕಡಿದು, ಕಲ್ಲು ಜೋಡಿಸಿ, ಮಳೆಗೆ ಕೊಚ್ಚಿಹೋದ ಕಡೆ ಮಣ್ಣು ತುಂಬಿ ಆ ದಾರಿಯನ್ನು ಬಿಡಿಸಿದ್ದರು. ಅವರ ಕಾರ್ಯದರ್ಶಿ ಸದಾನಂದ. ಮಂಡ್ಯದ ಕಡೆಯವನು, ಎಗ್ಮೋರಿನ ಒಂದು ವಿಮೆ ಕಚೇರಿಯಲ್ಲಿ ಗುಮಾಸ್ತ. ಮೊದಲ ಸಭೆಯ ದಿನ ಕಾಫಿ ಲೋಟಕ್ಕೆ ಕೈ ಚಾಚಿದ್ದನ್ನು ಅಧ್ಯಕ್ಷ ಅಪ್ಪಾಜಿಯವರು ಕೈ ಎತ್ತಿದನೆಂದು ತಿಳಿದು ಅವನನ್ನು ಆರಿಸಿಬಿಟ್ಟಿದ್ದರು. ಕೆಲಸ ಮುಗಿಯುವತನಕ ಕಾರ್ಯದರ್ಶಿ ಬದಲಾಗಬಾರದೆಂಬ ನಿಯಮವನ್ನೂ ಅಪ್ಪಾಜಿಯವರೇ ಮಾಡಿದ್ದು. ಆರು ತಿಂಗಳಿಂದ ಸದಾನಂದ ಒಂದು ಭಾನುವಾರವೂ ಬಿಸಿ ಇಡ್ಲಿ ತಿಂದವನಲ್ಲ.

ಕೆಲಸ ಶುರುವಾದ ಎರಡನೆಯ ವಾರವೇ ನೀಲಗಂಗಮ್ಮ ಒಂದು ವಿಷಯ ಪತ್ತೆಹಚ್ಚಿದರು. ಹುಬ್ಬಳ್ಳಿ ಕಡೆಯ ಈಕೆ ಪ್ಯಾರೀಸ್ ಕಾರ್ನರಿನಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದ ದೊಡ್ಡಬಸಪ್ಪನವರ ಹೆಂಡತಿ. ಗುಡ್ಡದ ಮೇಲ್ಗಡೆ ಒಂದು ಬಂಡೆಯ ನೆರಳಿನಲ್ಲಿ ಯಾರೋ ಯಾವಾಗಲೋ ಇಟ್ಟ ಲಿಂಗವಿತ್ತು. ಬಂಡೆಯಿಂದ ತೊಟ್ಟಿಕ್ಕುವ ನೀರು ಲಿಂಗದ ಮೇಲೆ ಬಿದ್ದು, ಉತ್ತರಕ್ಕೆ ಹರಿದು, ಈ ತೊರೆಯಾಗಿ ದಾರಿಯನ್ನು ಅಡ್ಡ ಹಾಯುತ್ತಿತ್ತು.

“ಇದು ಸೋಮಸೂತ್ರ ಐತಿ. ಗುಡಿಯಾಗ ಪ್ರದಕ್ಷಿಣಿ ಹಾಕೋವಾಗ ಶಿವನ ಅಭಿಷೇಕದ ನೀರು ಹರಿಯೂ ಜಾಗಾ ದಾಟತೀವೇನು? ಅಲ್ಲಿತನಕ ಬಂದು ಹೊಳ್ಳಿ ಹೋಗತೀವಿ. ಗುಡ್ಡಕ್ಕೂ ಅದ ನೇಮ,” ಎಂದರು ನೀಲಗಂಗಮ್ಮ.

ಯಾರೂ ಎದುರಾಡಲಿಲ್ಲ. ಶಿವನ ವಿಷಯ ಒಂದು ಕಾರಣ, ನೀಲಗಂಗಮ್ಮ ಇನ್ನೊಂದು. ಅಂದಿನಿಂದ ಅರ್ಧ ಜನ ಗೇಟಿನ ಎಡಗಡೆಯಿಂದ ದಾರಿ ಬಿಡಿಸುತ್ತ ತೊರೆಯತನಕ ಬಂದರು, ಅರ್ಧ ಜನ ಬಲಗಡೆಯಿಂದ ಬಂದರು. ನಡುವೆ ತೊರೆ, ತೊರೆಯ ಎರಡೂ ಬದಿ ಏಳೇಳು ಅಡಿ ಮುಳ್ಳು ಹಾಗೇ ಉಳಿಯಿತು. ಬೇಸಗೆಯಲ್ಲಿ ನೀರು ಒಣಗಿದ ಮೇಲೆ ದಾಟಬಹುದಲ್ಲ ಎಂದು ಸದಾನಂದ ಒಮ್ಮೆ ಕೇಳಿ ನೋಡಿದ್ದ. ಗುಡಿಯಲ್ಲಿ ಅಭಿಷೇಕ ಇಲ್ಲದ ಹೊತ್ತಿನಲ್ಲಿ ದಾಟುತ್ತೀರಾ ಎಂದು ನೀಲಗಂಗಮ್ಮ ಮರುಪ್ರಶ್ನೆ ಹಾಕಿದ್ದರು.

ಹೀಗೇ ನಡೆದುಹೋಗುತ್ತಿತ್ತೋ ಏನೋ, ಜನವರಿಯಲ್ಲಿ ಅರಣ್ಯ ಇಲಾಖೆಯ ರೇಂಜರ್ ಸಾಹೇಬರ ಕಾಗದ ಬಂತು. ದಾರಿ ಕಿರಿದಾದ್ದರಿಂದ ಹೋಗುವವರು ಬರುವವರು ಎದುರಾಗಬಾರದು, ಆದ್ದರಿಂದ ಸುತ್ತು ಪೂರ್ತಿ ಕೂಡಿರಬೇಕು. ತಿಂಗಳ ಕೊನೆಯ ಭಾನುವಾರ ಒಂಬತ್ತಕ್ಕೆ ಖುದ್ದು ಬಂದು ನಡೆದು ನೋಡುತ್ತೇನೆ. ಸುತ್ತು ಕೂಡದಿದ್ದರೆ ಗೇಟಿಗೆ ಬೀಗ. ಕಾಗದ ಇಷ್ಟೇ ಇತ್ತು.

ಆ ಭಾನುವಾರ ಬೆಳಗ್ಗೆ ನಾಲ್ಕೂವರೆಗೆ ಸದಾನಂದ ಕುಡುಗೋಲು ಹಿಡಿದು ಹೊರಟಾಗ ಹೆಂಡತಿ ತುಂಗಾ ಬಾಗಿಲಿಗೆ ಬಂದು, “ಇವತ್ತೊಂದು ಮುಗಿಸ್ಕೊಂಡು ಬನ್ನಿ. ಆಮೇಲೆ ಭಾನುವಾರ ನಮ್ದು,” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು. ಗುಡ್ಡಕ್ಕೆ ಬೀಗ ಬಿದ್ದರೆ ಆರು ತಿಂಗಳ ಬೆವರು ನೀರುಪಾಲು, ಸುತ್ತು ಕೂಡಿಸಿದರೆ ಅಪ್ಪಾಜಿಯ ನಿಯಮದಂತೆಯೇ ತನಗೆ ಬಿಡುಗಡೆ. ಇವತ್ತು ಶಿವ ಅಡ್ಡ ಬಂದರೂ ಬಿಡುವುದಿಲ್ಲ ಎಂದುಕೊಂಡ. ಅಂದುಕೊಂಡ ಮೇಲೆ ಕೆನ್ನೆ ಕೆನ್ನೆ ಬಡಿದುಕೊಂಡ.

ಆರೂವರೆಯ ಹೊತ್ತಿಗೆ ಈ ಕಡೆಯ ಏಳು ಅಡಿ, ಗೇಟಿನಿಂದ ಸುತ್ತಿ ಹೋಗಿ ಆ ಕಡೆಯ ಏಳು ಅಡಿ ಮುಳ್ಳನ್ನು ಒಬ್ಬನೇ ಕಡಿದು ಹಾಕಿದ. ಅಂಗಿಯ ಒಂದು ತೋಳು ಜಾಲಿಗೇ ಸಂದಿತು. ಬಳಗದವರು ಆಗ ಒಬ್ಬೊಬ್ಬರಾಗಿ ಬಂದು ಎರಡೂ ದಡದಲ್ಲಿ ನಿಂತರು. ಹತ್ತಿರದಲ್ಲೇ ಹಳೆಯ ಕ್ವಾರಿಯವರು ಬಿಟ್ಟುಹೋಗಿದ್ದ ನಾಲ್ಕು ಅಡಿಯ ಕಲ್ಲುಚಪ್ಪಡಿಯನ್ನು ಸದಾನಂದ ಹಾರೆಯಲ್ಲಿ ಮೀಟಿ ಮೀಟಿ ತರುತ್ತಿದ್ದ. ಕಲ್ಲು ತಳ್ಳುವವನು ಒಬ್ಬ, ಸಲಹೆ ಕೊಡುವವರು ಇಪ್ಪತ್ತೊಂದು ಜನ. ಒಬ್ಬರು ಎಡಕ್ಕೆ ತಿರುಗಿಸು ಎಂದರೆ ಇನ್ನೊಬ್ಬರು ಬಲಕ್ಕೆ ಎಂದರು. ಮೂರನೆಯವರು ಮೊದಲು ಒಂದು ತೆಂಗಿನಕಾಯಿ ಒಡೆಯಬೇಕಿತ್ತು ಎಂದರು. ಕೊನೆಯ ತಳ್ಳಿಗೆ ಚಪ್ಪಡಿ ಸರಿಯಾಗಿ ತೊರೆಯ ಮೇಲೆ ಕೂತಿತು. ಹಾರೆ ಮಾತ್ರ ಜಾರಿ, ಸದಾನಂದ ಕಲ್ಲಿನ ಪಕ್ಕದಲ್ಲಿ ತೊರೆಗೇ ಅಡ್ಡಲಾಗಿ ಬಿದ್ದ. ತಲೆ ಆ ದಡ, ಕಾಲು ಈ ದಡ, ನಡು ನೀರಿನಲ್ಲಿ.

ಅವನನ್ನು ಎಬ್ಬಿಸುವ ಮೊದಲು ಚರ್ಚೆ ಶುರುವಾಯಿತು. ಬಿದ್ದದ್ದನ್ನು ದಾಟಿದ್ದು ಎನ್ನಬಹುದೇ ಎಂದು ಒಬ್ಬರು ಸಂದೇಹ ತೆಗೆದರು. ಪೂರ್ತಿ ಹೋಗಿಲ್ಲವಾದ್ದರಿಂದ ಅರ್ಧ ದೋಷ ಎಂದು ಇನ್ನೊಬ್ಬರು ತೀರ್ಪು ಕೊಟ್ಟರು. ಅಪ್ಪಾಜಿಯವರು ಮೂವತ್ತು ವರ್ಷ ಮದ್ರಾಸಿನಲ್ಲೇ ಸವೆಸಿ ಮಾತಿಗೆ ತಮಿಳು ಬೆರೆಸುತ್ತಿದ್ದ ಮೈಸೂರಿನವರು. ಅವರು ದಡದಲ್ಲಿ ಕುಕ್ಕರುಗಾಲಲ್ಲಿ ಕೂತು ಕಾರ್ಯದರ್ಶಿಯ ಮುಖವನ್ನೇ ನೋಡುತ್ತ, “ನೀ ಕೊಂಜ ಹೊತ್ತು ಹಾಗೇ ಇರಪ್ಪಾ. ತೀರ್ಮಾನ ಆಗೋತನಕ ಅಲ್ಲಾಡಬೇಡ,” ಎಂದರು.

“ಸರ್, ನೀರು ತಣ್ಣಗದೆ,” ಎಂದ ಸದಾನಂದ.

“ಬಂದ ಕಡೀಗೇ ಎದ್ರಿ,” ಎಂದು ನೀಲಗಂಗಮ್ಮ ಆಜ್ಞೆ ಮಾಡಿದರು. ಅವನು ತಲೆಯನ್ನು ಹಿಂದಕ್ಕೆ ಎಳೆದುಕೊಂಡು, ಹೊಟ್ಟೆಯ ಮೇಲೆ ಜಾರುತ್ತ ಬಂದ ಕಡೆಗೇ ಎದ್ದ.

ಚಪ್ಪಡಿಯೇನೋ ಕೂತಿತು, ಆದರೆ ಅದರ ಮೇಲೆ ಕಾಲಿಡುವವರು ಯಾರೂ ಇರಲಿಲ್ಲ. ಸಾಹೇಬರು ಬಂದಾಗ ಬಳಗದವರೇ ದಾಟದೆ ನಿಂತರೆ ಸುತ್ತು ಕೂಡಿದೆ ಎಂದು ಯಾರು ನಂಬುತ್ತಾರೆ? ಗಂಟೆ ಏಳೂಮುಕ್ಕಾಲು. ಒದ್ದೆ ಚಡ್ಡಿಯಲ್ಲಿ ನಡುಗುತ್ತಿದ್ದ ಸದಾನಂದನ ತಲೆಗೆ ಆಗ ಒಂದು ಉಪಾಯ ಹೊಳೆಯಿತು. ನೀಲಗಂಗಮ್ಮ ಈ ಭೂಮಿಯ ಮೇಲೆ ಹೆದರುವ ಜೀವ ಒಂದೇ ಒಂದಿತ್ತು. ಅದು ಹುಬ್ಬಳ್ಳಿಯಲ್ಲಿತ್ತು, ಅದಕ್ಕೆ ಎಂಬತ್ತೊಂದು ವರ್ಷವಾಗಿತ್ತು, ಅದು ಅವರ ಅತ್ತೆ.

ಅವನು ದೊಡ್ಡಬಸಪ್ಪನವರ ರಟ್ಟೆ ಹಿಡಿದು ಗುಡ್ಡದ ಕೆಳಗಿನ ಎಸ್‌ಟಿಡಿ ಬೂತಿಗೆ ಎಳೆದುಕೊಂಡು ಹೋದ. ದೊಡ್ಡಬಸಪ್ಪನವರು ಹೆಂಡತಿ ಒಂದು ಕಡೆ, ತಾಯಿ ಒಂದು ಕಡೆ ಎಂಬ ಸಂಕಟದಲ್ಲಿ ಮೂರು ಸಲ ತಪ್ಪು ನಂಬರ್ ಒತ್ತಿದರು. ನಾಲ್ಕನೆಯ ಸಲ ಫೋನು ಎತ್ತಿದ ಅಜ್ಜಿಗೆ ಗುಡ್ಡ, ಲಿಂಗ, ತೊರೆ, ಚಪ್ಪಡಿ, ಸೊಸೆ ಎಲ್ಲವನ್ನೂ ವಿವರಿಸಿದರು. ಅತ್ತ ಕಡೆಯ ದನಿ ಬೂತಿನ ಹೊರಗೆ ನಿಂತವರಿಗೂ ಕೇಳುವಷ್ಟು ಗಟ್ಟಿಯಾಗಿತ್ತು.

“ನೀರಿನ ಮ್ಯಾಲೆ ಕಲ್ಲರ, ಕಟಗಿಯರ, ಹುಲ್ಲರ ಇದ್ರ ದಾಟಬೇಕಪ್ಪ, ದೋಷ ಇಲ್ಲ. ನಮ್ಮವ್ವ ನಾಕು ಎಸಳು ಕರಿಕಿ ಹಾಕಿ ದಾಟತಿದ್ಳು. ಇಷ್ಟು ತಿಳೀದ ಆಕಿ ಊರಿಗೆಲ್ಲಾ ಶಾಸ್ತ್ರ ಹೇಳಾಕ ಹತ್ಯಾಳೇನು? ನಾ ಹೇಳೀನಿ ಅಂತ ಹೇಳು.”

ಆ ಮಾತನ್ನು ನೀಲಗಂಗಮ್ಮನವರಿಗೆ ಮುಟ್ಟಿಸುವ ಧೈರ್ಯ ಗಂಡನಿಗೆ ಇರಲಿಲ್ಲ, ಸದಾನಂದನೇ ಮುಟ್ಟಿಸಿದ. ಸೊಸೆಯನ್ನು ಬೈದ ಒಂದು ವಾಕ್ಯವನ್ನು ಮಾತ್ರ ನುಂಗಿಕೊಂಡ. ನೀಲಗಂಗಮ್ಮ ಸ್ವಲ್ಪ ಹೊತ್ತು ಚಪ್ಪಡಿ ನೋಡಿದರು, ಸ್ವಲ್ಪ ಹೊತ್ತು ಗಂಡನನ್ನು ನೋಡಿದರು. ಗಂಡನನ್ನು ನೋಡಿದ್ದೇ ಹೆಚ್ಚು ಹೊತ್ತು. ಆಮೇಲೆ ಬಗ್ಗಿ ಒಂದು ಹಿಡಿ ಗರಿಕೆ ಕಿತ್ತು ಕಲ್ಲಿನ ಮೇಲೆ ಹರಡಿ, ಸೆರಗು ಬಿಗಿದು, ಬಲಗಾಲಿಟ್ಟು ಆ ದಡಕ್ಕೆ ನಡೆದುಬಿಟ್ಟರು.

ಆರು ತಿಂಗಳಿಂದ ಎರಡು ದಡದಲ್ಲಿದ್ದ ಬಳಗ ಒಂದಾಯಿತು. ಈ ಕಡೆಯವರು ಆ ಕಡೆಗೆ, ಆ ಕಡೆಯವರು ಈ ಕಡೆಗೆ ದಾಟಿದರು. ದಾಟಿದ ಖುಷಿಗೆ ಮತ್ತೆ ದಾಟಿದರು. ಅಪ್ಪಾಜಿಯವರು ಐದು ಸಲ ದಾಟಿದರು. ಯಾರೋ ತಂದಿದ್ದ ಚೆಂಡುಹೂವಿನ ಹಾರ ಸಾಹೇಬರಿಗೆಂದು ಇಟ್ಟದ್ದು ಸದಾನಂದನ ಕೊರಳಿಗೆ ಬಿತ್ತು. ಚಪ್ಪಡಿಯ ಮೇಲೆ ನಿಂತು ಅವನು ಎರಡೂ ಕಡೆ ನೋಡಿದ. ಎಡಕ್ಕೂ ದಾರಿ, ಬಲಕ್ಕೂ ದಾರಿ, ಗುಡ್ಡದ ಸುತ್ತ ಎಲ್ಲೂ ಕಡಿಯದೆ ಹೋಗುವ ದಾರಿ. ಈ ಊರಿಗೆ ಬಂದ ಐದು ವರ್ಷದಲ್ಲಿ ತನ್ನ ಕೈಯಿಂದ ಆದದ್ದು ಇದೊಂದೇ ಎನಿಸಿತು. ಅವನಿಗೆ ನಿಜವಾಗಿಯೂ ಹೆಮ್ಮೆಯಾಯಿತು.

ರೇಂಜರ್ ಸಾಹೇಬರು ಒಂಬತ್ತಕ್ಕೆ ಸರಿಯಾಗಿ ಬಂದರು. ಹೊಸೂರಿನವರು, ತಮಿಳು ಬೆರೆತ ಕನ್ನಡ ಬರುತ್ತಿತ್ತು, ನಗು ಬರುತ್ತಿರಲಿಲ್ಲ. ಗೇಟಿನಿಂದ ಎಡಕ್ಕೆ ಹೊರಟು ಒಂದೊಂದು ಕಲ್ಲನ್ನೂ ಬೂಟಿನಲ್ಲಿ ಒತ್ತಿ ನೋಡುತ್ತ, ಚರಂಡಿ ತೋಡಿದ್ದನ್ನು ಮೆಚ್ಚದೆ, ಬೇಲಿ ಸವರಿದ್ದನ್ನು ಹೊಗಳದೆ, ಎರಡು ಕಿಲೋಮೀಟರಿಗೂ ಮೀರಿ ನಡೆದು ತೊರೆಗೆ ಬಂದು ನಿಂತರು. ಹಿಂದೆ ಇಪ್ಪತ್ತೊಂದು ಜನ. ಸದಾನಂದ ಮುಂದೆ ಓಡಿ ಚಪ್ಪಡಿಯ ಮೇಲೆ ನಿಂತು, ಅದು ಎಷ್ಟು ಗಟ್ಟಿ ಎಂದು ತೋರಿಸಲು ಎರಡು ಸಲ ಕುಪ್ಪಳಿಸಿದ.

ಸಾಹೇಬರು ತೊರೆಯ ಜಾಡು ಹಿಡಿದು ಮೇಲಕ್ಕೆ ನೋಡಿದರು. ಬಂಡೆಯ ನೆರಳಿನಲ್ಲಿ ಲಿಂಗ ಕಂಡಿತು. ಬಗ್ಗಿ ಬೂಟು ಬಿಚ್ಚಿದರು, ಟೋಪಿ ತೆಗೆದರು, ಕೈಮುಗಿದರು. ಆಮೇಲೆ ಸದಾನಂದನನ್ನು ನೋಡಿದರು.

“ಏನ್ರೀ, ಎಲ್ಲಿ ನಿಂತು ಕುಣೀತಾ ಇದೀರಿ? ಇದು ಸ್ವಾಮಿ ತೀರ್ಥ ಹೋಗೋ ವಳಿ, ದಾರಿ. ದಾಟಬಾರ್ದು ಅಂತ ಗೊತ್ತಿಲ್ವಾ?”

ಸದಾನಂದ ಕಲ್ಲು, ಗರಿಕೆ, ಹುಬ್ಬಳ್ಳಿ ಎಂದು ಏನೇನೋ ತೊದಲಿದ. ಸಾಹೇಬರು ಕೇಳಲು ನಿಂತಿರಲಿಲ್ಲ. ಬೂಟನ್ನು ಕೈಯಲ್ಲಿ ಹಿಡಿದು ಬಂದ ದಾರಿಯಲ್ಲೇ ತಿರುಗಿ ನಡೆದಿದ್ದರು. ಅಷ್ಟೂ ದೂರ ಹಿಂದಕ್ಕೆ ಹೋಗಿ ಗೇಟು ಮುಟ್ಟಿ, ಬಲಗಡೆಯಿಂದ ಮತ್ತೆ ಹತ್ತಿ, ತೊರೆಯ ಇನ್ನೊಂದು ದಡದಲ್ಲಿ ಬಂದು ನಿಂತರು. ಬಳಗವೂ ಬಿಸಿಲಿನಲ್ಲಿ ಬೆನ್ನು ಹತ್ತಿತ್ತು. ನೀಲಗಂಗಮ್ಮ ಎಲ್ಲರಿಗಿಂತ ಮುಂದೆ, ಮುಖ ಅರಳಿಸಿಕೊಂಡು ನಡೆದಿದ್ದರು. ಒಂದೇ ಬೆಳಗ್ಗೆ ಕಾರ್ಯದರ್ಶಿಯನ್ನೂ ಅತ್ತೆಯನ್ನೂ ಗೆಲ್ಲುವ ಯೋಗ ಎಲ್ಲರಿಗೂ ಬರುವುದಿಲ್ಲ.

“ಸುತ್ತು ಕೂಡಬೇಕು ಅಂತ ಬರೆದವ್ನು ನಾನೇ,” ಎಂದರು ಸಾಹೇಬರು. “ಇಲ್ಲಿ ಸ್ವಾಮಿ ಇರೋದು ಗೊತ್ತಿರ್ಲಿಲ್ಲ. ಆರು ತಿಂಗಳು ಎರಡೂ ಕಡೆಯಿಂದ ದಾರಿ ಮಾಡಿ ಇಲ್ಲಿಗೆ ನಿಲ್ಲಿಸಿದೀರಲ್ಲ, ಅದು ಭಕ್ತಿ. ಈ ಕಾಡಲ್ಲಿ ಇಷ್ಟು ಒಳ್ಳೇ ದಾರಿ ನಾ ನೋಡಿಲ್ಲ. ಮೂರು ವರ್ಷಕ್ಕೆ ಪರ್ಮಿಷನ್ ಕೊಡ್ತೀನಿ.”

ಇಪ್ಪತ್ತೆರಡು ಜನರ ಚಪ್ಪಾಳೆ ಗುಡ್ಡಕ್ಕೆ ಬಡಿದು ತಿರುಗಿ ಬಂತು. ಅಪ್ಪಾಜಿಯವರ ಕಣ್ಣಲ್ಲಿ ನೀರು ಬಂತು. ಸದಾನಂದ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಕಲ್ಲು ವ್ಯರ್ಥವಾದರೂ ದಾರಿ ಉಳಿಯಿತಲ್ಲ, ಅದಕ್ಕಿಂತ ಏನು ಬೇಕು ಎಂದು ಅವನ ಎದೆ ತುಂಬಿತು.

“ಎರಡೇ ವಿಷಯ,” ಎಂದು ಸಾಹೇಬರು ಬೂಟು ಹಾಕಿಕೊಳ್ಳುತ್ತ ಮುಂದುವರಿಸಿದರು. “ಆ ಕಲ್ಲು ತೆಗೀಬೇಕು. ಆಮೇಲೆ, ಸುತ್ತು ಇಲ್ಲ ಅಂದ್ಮೇಲೆ ಹೋಗೋರು ಬರೋರು ಎದುರೆದುರು ಸಿಗ್ತಾರೆ. ಈ ಅಗಲ ಪತ್ತಾದು, ಸಾಲಲ್ಲ. ಪೂರ್ತಿ ದಾರೀನ ಡಬಲ್ ಮಾಡಿ. ಕಾರ್ಯದರ್ಶಿ ಯಾರು? ಅವರ ಹೆಸರಲ್ಲೇ ಆರ್ಡರ್ ಬರೀತೀನಿ.”

ಇಪ್ಪತ್ತೊಂದು ಕೈಗಳು ಒಟ್ಟಿಗೆ ಸದಾನಂದನ ಕಡೆಗೆ ಚಾಚಿದವು. ಕೆಲಸ ಮುಗಿಯುವತನಕ ಕಾರ್ಯದರ್ಶಿ ಬದಲಾಗುವಂತಿಲ್ಲ ಎಂದು ಅಪ್ಪಾಜಿಯವರು ಸಾಹೇಬರಿಗೆ ಭರವಸೆ ಕೊಟ್ಟರು. ಬಳಗ ಅವನನ್ನು ನಡುವೆ ಹಾಕಿಕೊಂಡು, ಜಯಕಾರ ಹಾಕುತ್ತ, ಮನೆಯ ಬಾಗಿಲತನಕ ಮೆರವಣಿಗೆಯಲ್ಲಿ ಕರೆತಂದಿತು. ಬೀದಿಯವರೆಲ್ಲ ಹೊರಗೆ ಬಂದು ಚುನಾವಣೆಯಲ್ಲಿ ಗೆದ್ದವನನ್ನು ನೋಡುವಂತೆ ನೋಡಿದರು.

ಗಲಾಟೆ ಕರಗಿದ ಮೇಲೆ ತುಂಗಾ ಅವನ ಹರಿದ ತೋಳನ್ನೂ ಗೀಚಿದ ಕೈಯನ್ನೂ ನೋಡಿ, “ಮುಗೀತಾ?” ಎಂದು ಕೇಳಿದಳು.

“ಗೆದ್ವಿ ಕಣೇ,” ಎಂದ ಸದಾನಂದ. “ಮೂರು ವರ್ಷಕ್ಕೆ ಪರ್ಮಿಷನ್ ಸಿಕ್ತು.”

“ಅದಲ್ಲ ನಾ ಕೇಳಿದ್ದು. ಮುಗೀತಾ?”

ಹೆಂಡತಿಯ ಹತ್ತಿರ ಸುಳ್ಳು ಹೇಳಬಾರದೆಂದು ಸದಾನಂದ ದಾರಿಯ ಅಗಲವನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿ ನೋಡಿದ.

“ಸರಿಯಾಗಿ ಅರ್ಧ,” ಎಂದ.