ಸಾಹೇಬರ ಕಾರಿಗೆ ಎಲ್ ಬೋರ್ಡ್

ಡ್ರೈವಿಂಗ್ ಸ್ಕೂಲಿನ ಆಫೀಸಿನಲ್ಲಿ ಕೂತವರು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಬೆಳಿಗ್ಗೆ ಬಾಗಿಲು ತೆರೆದಿಟ್ಟರೆ ಸಾಕು, ನಗುವೇ ಒಳಗೆ ಬಂದು ಕುರ್ಚಿ ಎಳೆದುಕೊಳ್ಳುತ್ತದೆ. ಗಂಗಾವತಿಯ ನಮ್ಮ ಸ್ಕೂಲಿನಲ್ಲಿ ನನ್ನ ಕೆಲಸ ಕಂಪ್ಯೂಟರಿನಲ್ಲಿ ಅರ್ಜಿ ತುಂಬುವುದು. ಇಂಗ್ಲಿಷ್ ಮೀಡಿಯಂ ಹುಡುಗಿ ಅಂತ ಉಸ್ತಾದರು ಕೆಲಸ ಕೊಟ್ಟರು, ಮಾತು ಕಡಿಮೆ ಅಂತ ಇಟ್ಟುಕೊಂಡರು. ಉಸ್ತಾದರು ಅಂದರೆ ನಮ್ಮ ಮಾಲೀಕರು; ಗಾಡಿ ಕಲಿಸುವವರೂ ಅವರೇ.

ಎಷ್ಟೋ ಜನರನ್ನು ನೋಡಿ ಮಾನಿಟರಿನ ಹಿಂದೆ ತಲೆ ಬಗ್ಗಿಸಿ ನಕ್ಕಿದ್ದೇನೆ. ಆದರೆ ಹೋದ ವರ್ಷ ಬಂದ ಒಬ್ಬ ನಿವೃತ್ತ ಪೊಲೀಸ್ ಸಾಹೇಬರನ್ನು ನೋಡಿ ನಗುತ್ತಾ ನಗುತ್ತಾ ಎದ್ದು ನಿಲ್ಲಬೇಕು ಅನಿಸಿತು. ಅವರ ಬಗ್ಗೆ ಮಾತ್ರ ಬರೆಯುತ್ತೇನೆ.

ರೂಲು

ಸಾಹೇಬರು ಹೆಂಡತಿಯನ್ನು ಕರೆದುಕೊಂಡು ಒಳಗೆ ಬಂದರು. ಯಲಬುರ್ಗಾ, ಕುಷ್ಟಗಿ, ಕೊಪ್ಪಳ ಎಲ್ಲ ಕಡೆ ಡ್ಯೂಟಿ ಮಾಡಿ, ಎಎಸ್ಐ ಆಗಿ ರಿಟೈರ್ ಆದವರು. ಖಾಕಿ ಬಿಟ್ಟಿದ್ದರೂ ಖಾಕಿ ಅವರನ್ನು ಬಿಟ್ಟಿರಲಿಲ್ಲ. ಅವರನ್ನು ನೋಡಿದ್ದೇ ತಡ, ಉಸ್ತಾದರು ಎದ್ದು ನಿಂತು, ಯಾರೂ ಕೇಳದಿದ್ದರೂ ಜೇಬಿನಿಂದ ತಮ್ಮ ಲೈಸೆನ್ಸ್ ತೆಗೆದು ತೋರಿಸಿಬಿಟ್ಟರು!

ಸಾಹೇಬರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ ಕೊಟ್ಟರು. "ಇಟ್ಕೊಳ್ರಿ. ಈಗ ನಾ ನಂದು ಮಾಡಸಾಕ ಬಂದೀನಿ."

ವಿಷಯ ಬಿಚ್ಚಿದವರು ಅಮ್ಮಾರು, ಅಂದರೆ ಅವರ ಹೆಂಡತಿ. "ನೋಡ ತಂಗಿ, ಹನುಮನಹಳ್ಳಿ ಗುಡ್ಡಕ್ಕ ಇವರು ಮೂವತ್ತು ವರ್ಷ ಬಂದೋಬಸ್ತಿಗೆ ಹೋಗ್ಯಾರ. ಆ ಗುಡ್ಡದ ದೇವರನ್ನ ನಾ ಒಂದ ಸಲನೂ ಕಂಡಿಲ್ಲ. ರಿಟೈರ್ ಆದ ಮ್ಯಾಲ ನಾನ ಕರಕೊಂಡು ಹೋಗ್ತೀನಿ ಅಂದ್ರು. ಹಳೇ ಕಾರೊಂದು ತಗೊಂಡು ಮನಿ ಮುಂದ ನಿಲ್ಲಿಸ್ಯಾರ. ಓಡಸಾಕ ಬರಂಗಿಲ್ಲ. ನಾನೂ ಹಟ ಹಿಡದೀನಿ. ಬಸ್ಸಿಗೂ ಒಲ್ಲೆ, ಮಂದಿ ಗಾಡಿಗೂ ಒಲ್ಲೆ. ಇವರ ಕರಕೊಂಡು ಹೋಗಬೇಕು."

ಸಾಹೇಬರು ಗಂಟಲು ಸರಿ ಮಾಡಿಕೊಂಡು ನನ್ನ ಕಡೆ ನೋಡಿದರು. "ರಿಟೈರ್ ಆದ ಪೊಲೀಸರಿಗೆ ಬ್ಯಾರೆ ರೂಲು ಏನರ ಐತೇನ, ನೋಡು."

ಹುಡುಕಿದೆ. ಇರಲಿಲ್ಲ. ಮಾನಿಟರ್ ನೋಡುತ್ತಲೇ ಹೇಳಿದೆ. "ಇಲ್ರಿ ಸರ್. ಎಲ್ಲಾರಿಗೂ ಇದ್ದಂಗ ಐತ್ರಿ. ಡಾಕ್ಟರ್ ಸರ್ಟಿಫಿಕೇಟು, ಎಲ್ಎಲ್ಲು ಅಂದ್ರ ಕಲಿಯೋರ ಲೈಸೆನ್ಸು, ಮೂವತ್ತು ದಿನ ಬಿಟ್ಟು ಟೆಸ್ಟು."

ಸಾಹೇಬರು ಮೇಜಿನ ಮೇಲೆ ಬಾಗಿ ಸ್ಕ್ರೀನನ್ನು ತಾವೇ ನೋಡಿದರು. ಬೈಗುಳಕ್ಕೆ ನಾನು ತಯಾರಾದೆ.

"ಛಲೋ ಆತು. ಇದ್ದಿದ್ರ ಅದನ್ನ ತಗಸ್ರಿ ಅಂತ ನಾನ ಅರ್ಜಿ ಬರೀಬೇಕಾಗಿತ್ತು."

"ಅದಕ್ಕೊಂದು ಮೂವತ್ತು ವರ್ಷ ಹೋಗ್ತಿತ್ತು," ಅಂದರು ಅಮ್ಮಾರು.

ಚಹರೆ

ಅರ್ಜಿಯಲ್ಲಿ ಗುರುತಿನ ಚಿಹ್ನೆ ಅಂತ ಒಂದು ಕಾಲಂ ಇದೆ. ಮಚ್ಚೆ ಎಲ್ಲಿದೆ ಅಂತ ಹೇಳಿದರೆ ಮುಗಿಯಿತು. ನಾನು ಕೇಳಿದ್ದೇ ತಡ, ಸಾಹೇಬರು ಕಣ್ಣು ಮುಚ್ಚಿ ಶುರು ಮಾಡಿದರು.

"ಬರಕೋ. ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸದೃಢ ಮೈಕಟ್ಟು. ತಲೆಯ ಮುಂಭಾಗ ಕೂದಲು ಉದುರಿರುತ್ತವೆ. ಮೈಮೇಲೆ ಬಿಳಿ ಅಂಗಿ, ಕಂದು ಬಣ್ಣದ ಪ್ಯಾಂಟ್ ಧರಿಸಿರುತ್ತಾರೆ. ಕನ್ನಡ, ಉರ್ದು, ಅಲ್ಪಸ್ವಲ್ಪ ತೆಲುಗು ಮಾತನಾಡುತ್ತಾರೆ..."

ಸ್ಟೇಷನ್ನಿನಲ್ಲಿ ವರ್ಷಗಟ್ಟಲೆ ಕಾಣೆಯಾದವರ ಪ್ರಕಟಣೆ ಬರೆದವರು ಅಂತ ಆಮೇಲೆ ತಿಳಿಯಿತು. ಒಂದು ಕಡೆಯೂ ತಡವರಿಸಲಿಲ್ಲ. ನಾನು ಟೈಪ್ ಮಾಡುವುದನ್ನು ಮರೆತು ಕೇಳುತ್ತಾ ಕೂತೆ.

"ಸದರಿಯವರು ಪತ್ತೆಯಾದಲ್ಲಿ..." ಅಂತ ಸಾಹೇಬರು ಮುಂದುವರಿಸಿದರು.

ಅಮ್ಮಾರು ನನ್ನ ಕಡೆ ಬಾಗಿ ಅಂದರು: "ಅಲ್ಲೇ ಇಟ್ಕೊಳ್ರಿ ಅಂತ ಬರಿ, ತಂಗಿ."

ಫೋಟೋ

ಗೋಡೆಗೆ ನಿಲ್ಲಿಸಿ ಒಂದು ಫೋಟೋ ತೆಗೆದೆ. ಕ್ಲಿಕ್ ಅಂದ ಕೂಡಲೇ ಸಾಹೇಬರು ತಾವಾಗಿಯೇ ಬಲಕ್ಕೆ ತಿರುಗಿ, ಅರ್ಧ ಮುಖ ಕೊಟ್ಟು ನಿಂತರು.

"ಸರ್, ಒಂದ ಸಾಕ್ರಿ."

"ಸೈಡಿಂದು ಬ್ಯಾಡ? ನಾಳಿ ನಾ ಪರಾರಿ ಆದ್ರ ಹೆಂಗ ಹಿಡೀತೀರಿ?"

ಕಣ್ಣು

ಮೆಡಿಕಲ್ ಸರ್ಟಿಫಿಕೇಟಿಗೆ ಪಕ್ಕದ ಬಿಲ್ಡಿಂಗಿನ ಮಾಳಿಗೆಯ ಮೇಲಿರುವ ಡಾಕ್ಟರ ಹತ್ತಿರ ಹೋದೆವು. ಫಾರಂ ಹಿಡಿದುಕೊಂಡು ನಾನೂ ಹಿಂದೆ. ಗೋಡೆಯ ಮೇಲಿನ ಅಕ್ಷರಗಳನ್ನು ಸಾಹೇಬರು ಕೊನೆಯ ಸಾಲಿನವರೆಗೆ ಓದಿದರು. ಚಾರ್ಟ್ ಪ್ರಿಂಟ್ ಮಾಡಿದ ಪ್ರೆಸ್ಸಿನ ಹೆಸರನ್ನೂ ಬಿಡಲಿಲ್ಲ. ಡಾಕ್ಟರಿಗೆ ಬೆರಗು. "ಈ ವಯಸ್ಸಿನಾಗ ಇಂಥಾ ಕಣ್ಣು ನಾ ನೋಡಿಲ್ರಿ!"

ಹೊಗಳಿದರೆ ಯಾರಿಗೆ ಬೇಡ? ಸಾಹೇಬರು ಕಿಟಕಿಗೆ ಹೋಗಿ ಕೆಳಗೆ ರಸ್ತೆ ನೋಡಿದರು. ಭತ್ತದ ಲಾರಿಗಳು, ಅವುಗಳ ಆಚೆ ಸಾಲಾಗಿ ನಿಂತ ಬೈಕುಗಳು.

"ಅಲ್ಲಿ ಬೇವಿನ ಗಿಡದ ಕೆಳಗ ಒಂದು ಕರೀ ಬೈಕ್ ಐತಲ್ಲ, ಹಿಂದಿನ ನಂಬರ್ ಪ್ಲೇಟಿನಾಗ ಕಡೀ ಅಂಕಿ ಅಳಿಸೈತಿ. ಇನ್ಶೂರೆನ್ಸರ ಐತೋ ಇಲ್ಲೋ. ಯಾವನದು ಅದು?"

ಡಾಕ್ಟರು ಸರ್ಟಿಫಿಕೇಟಿಗೆ ಸೀಲು ಒತ್ತುತ್ತಾ, ತಲೆ ಎತ್ತದೆ ಅಂದರು: "ನಂದ ರೀ."

ಮೊದಲ ಕ್ಲಾಸು

ಎಲ್ಎಲ್ ಬಂತು. ಹಳೇ ಕಾರಿನ ಹಿಂದೆ ಮುಂದೆ ಕೆಂಪು ಎಲ್ ಅಂಟಿಸಿದೆವು. ಮೊದಲ ದಿನ ಸಾಹೇಬರು ಟಕಟಕ ನಡೆದು ಹೋಗಿ ಎಡಗಡೆ ಬಾಗಿಲು ತೆಗೆದು ಕೂತರು. ಸರ್ವಿಸಿನುದ್ದಕ್ಕೂ ಜೀಪಿನಲ್ಲಿ ಅವರ ಜಾಗ ಅದೇ. ಬೆನ್ನು ನೆಟ್ಟಗೆ ಮಾಡಿ, ಎದುರಿನ ರಸ್ತೆ ನೋಡುತ್ತಾ, "ಹ್ಞೂಂ, ನಡೀರಿ," ಅಂದರು.

ಆ 'ನಡೀರಿ'ಯಲ್ಲಿ ಏನಿತ್ತೋ! ಇಪ್ಪತ್ತು ವರ್ಷ ಗಾಡಿ ಕಲಿಸಿದ ನಮ್ಮ ಉಸ್ತಾದರು ಓಡಿ ಹೋಗಿ ಸ್ಟೇರಿಂಗ್ ಹಿಂದೆ ಕೂತು ಗಾಡಿ ಬಿಟ್ಟರು.

ಒಂದು ತಾಸು ಆದ ಮೇಲೆ ಬಂದರು. ರೈಸ್ ಮಿಲ್ಲುಗಳ ರಸ್ತೆ, ಬಸ್ ಸ್ಟ್ಯಾಂಡು, ಕಾಲುವೆ ದಾರಿ ಎಲ್ಲ ಸುತ್ತಿ ಬಂದಿದ್ದರು. ದಾರಿಯಲ್ಲಿ ಅಡ್ಡ ನಿಲ್ಲಿಸಿದ್ದ ನಾಲ್ಕು ಆಟೋ ತೆಗೆಸಿದ್ದರಂತೆ. ಸಾಹೇಬರು ಇಳಿದು, "ಛಲೋ ಆತು ಇವತ್ತಿನ ಕ್ಲಾಸು," ಅಂತ ಮನೆಗೆ ಹೋದರು.

ಉಸ್ತಾದರು ಒಳಗೆ ಬಂದು ಒಂದು ತಂಬಿಗೆ ನೀರು ಕುಡಿದು ಕೂತರು. ಆಮೇಲೆ ಮೆಲ್ಲಗೆ ಕೇಳಿದರು: "ಬೇಟಿ, ಇವತ್ತು ಯಾರು ಯಾರಿಗೆ ಕಲಿಸಿದ್ರು?"

ಟೆಸ್ಟು

ಟೆಸ್ಟ್ ಇದ್ದದ್ದು ಗುರುವಾರ. ಟೆಸ್ಟಿನ ಮೈದಾನಕ್ಕೆ ನಾನೂ ಅಮ್ಮಾರೂ ಹೋಗಿದ್ದೆವು. ಪಾಸಾದರೆ ಶನಿವಾರ ಹನುಮನಹಳ್ಳಿಗೆ. ಬುತ್ತಿಗೆ ಅಂತ ಅಮ್ಮಾರು ಖಡಕ್ ರೊಟ್ಟಿ ಬಡಿದಿಟ್ಟು, ಶೇಂಗಾ ಹಿಂಡಿ ಚಟ್ನಿಯನ್ನೂ ಕುಟ್ಟಿಟ್ಟಿದ್ದರು.

ಸಾಹೇಬರು ಈಗ ಬಲಗಡೆಯೇ ಕೂತರು. ಮುಂದಕ್ಕೆ ಚೆನ್ನಾಗಿ ಹೋದರು. ಹಿಂದಕ್ಕೆ ತೆಗೆದುಕೊಂಡು ಸಾಲು ಕಂಬಗಳ ನಡುವೆ ನಿಲ್ಲಿಸುವುದೊಂದೇ ಬಾಕಿ. ಅದನ್ನೂ ನಿಲ್ಲಿಸಿದರು. ಆಚೆ ಕಡೆ ನಿಂತಿದ್ದ ಆರ್‌ಟಿಒ ಇನ್‌ಸ್ಪೆಕ್ಟರು, ಇನ್ನೂ ಹುಡುಗ, "ಆತ್ರಿ ಸರ್, ಬರ್ರಿ," ಅಂದರು. ಉಸ್ತಾದರು ಮೇಲೆ ನೋಡಿ ಕೈ ಎತ್ತಿದರು.

ಸಾಹೇಬರು ಇಳಿದರು. ಕಾರಿನ ಹಿಂದೆ ಹೋಗಿ ಬಗ್ಗಿ ನೋಡಿದರು. "ಆಗಿಲ್ರಿ. ಕಂಬಕ್ಕ ತಾಗೈತಿ."

"ನಾ ನೋಡಿಲ್ರಿ ಸರ್. ಕಂಬ ನೆಟ್ಟಗ ನಿಂತೈತಲ್ಲ?"

"ನೀವು ನೋಡಿಲ್ಲಂದ್ರ ಸಾಕ್ಷಿ ಬೇಕು. ತಂಗಿ, ಒಂದು ಹಾಳಿ ಕೊಡು."

ಕಂಬದಿಂದ ಕಾರಿಗೆ ಹೆಜ್ಜೆ ಹಾಕಿ ಅಳೆದು, ಬಾನೆಟ್ಟಿನ ಮೇಲೆ ಹಾಳೆ ಇಟ್ಟು, ಸಾಹೇಬರು ತಮ್ಮ ಮೇಲೆ ತಾವೇ ಪಂಚನಾಮೆ ಬರೆಯತೊಡಗಿದರು. ನಾನು ಜೀವನದಲ್ಲಿ ಇಂಥದ್ದು ನೋಡಿರಲಿಲ್ಲ. 'ಪಂಚರ ಸಮಕ್ಷಮ ಸ್ಥಳ ಪರಿಶೀಲಿಸಲಾಗಿ, ಸದರಿ ಕಾರಿನ ಹಿಂಭಾಗವು ಸದರಿ ಕಂಬಕ್ಕೆ ಒಂದು ಸಲ ತಾಗಿರುವುದು ಕಂಡುಬಂದಿದ್ದು, ಇದಕ್ಕೆ ಚಾಲಕನ ನಿರ್ಲಕ್ಷ್ಯವೇ ಕಾರಣವಾಗಿರುತ್ತದೆ.'

ಸಾಕ್ಷಿ ಹೇಳಲು ಇಬ್ಬರು ಪಂಚರು ಬೇಕಲ್ಲ. ಮೊದಲು ಉಸ್ತಾದರನ್ನು ಕರೆದರು.

"ನಾ ನೋಡಿಲ್ಲ ಸಾಬ್, ಕಸಮ್!"

"ಅಷ್ಟೊತ್ತಿಗೆ ನೀವು ಕಣ್ಣು ಮುಚ್ಚಿದ್ದು ನನಗ ಕನ್ನಡ್ಯಾಗ ಕಂಡೈತಿ. ತಾಗತೈತಿ ಅಂತ ಗೊತ್ತಿಲ್ದ ಯಾಕ ಮುಚ್ಚಿದ್ರಿ? ಮಾಡ್ರಿ ಸಹಿ."

ಉಸ್ತಾದರು ಸಹಿ ಮಾಡಿದರು. ಇನ್‌ಸ್ಪೆಕ್ಟರು ಹಣೆ ಒರೆಸಿಕೊಂಡು, ಹಂಗಿದ್ದರೆ ಫೇಲ್ ಮಾಡಬೇಕಾಗುತ್ತದೆ, ಇನ್ನೊಂದು ವಾರ ಬಿಟ್ಟು ಬರಬೇಕು ಅಂದರು. ಸಾಹೇಬರು ಹೆಂಡತಿಯ ಕಡೆ ನೋಡಲಿಲ್ಲ. ಎರಡನೇ ಪಂಚರ ಸಹಿಗೆ ಹಾಳೆ ಮಾತ್ರ ಅವರ ಮುಂದೆ ಹಿಡಿದರು.

ನನಗೆ ತಡೆಯಲಾಗಲಿಲ್ಲ. "ಅಮ್ಮಾ, ಶನಿವಾರ ಹೋಗೂದು..." ಅಂದೆ.

"ಖಡಕ್ ರೊಟ್ಟಿ ಕೆಡಂಗಿಲ್ಲ, ತಂಗಿ," ಅಂದರು ಅಮ್ಮಾರು. ಚಷ್ಮಾ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಸಾವಕಾಶವಾಗಿ ಓದಿದರು. ಮತ್ತೆ ಚಷ್ಮಾ ತೆಗೆದರು. "ಇದಕ್ಕ ನಾ ಸಹಿ ಮಾಡಂಗಿಲ್ರಿ."

ಇನ್‌ಸ್ಪೆಕ್ಟರ ಮುಖ ಅರಳಿತು. ಸಾಹೇಬರ ಮುಖದಲ್ಲೂ ಒಂದು ಆಸೆ ಮಿಂಚಿ ಹೋದದ್ದನ್ನು ನಾನು ಕಂಡೆ. "ಯಾಕ?" ಅಂದರು.

"ಒಂದು ಸಲ ಅಂತ ಬರದೀರಿ. ತಾಗಿದ್ದು ಎರಡು ಸಲ. ಆ ಕಡೀ ಕಂಬಕ್ಕೂ ತಾಗೈತಿ, ನಾ ಇಲ್ಲೇ ನಿಂತು ನೋಡೀನಿ."

ಸಾಹೇಬರು 'ಒಂದು' ಅನ್ನುವುದನ್ನು ಹೊಡೆದು ಮೇಲೆ 'ಎರಡು' ಅಂತ ಬರೆದರು. ತಿದ್ದಿದ ಕಡೆ ನಿಯಮದ ಪ್ರಕಾರ ಸಣ್ಣ ಸಹಿಯನ್ನೂ ಹಾಕಿ, ಮೇಲಧಿಕಾರಿಗೆ ಒಪ್ಪಿಸುವ ಹಾಗೆ ಎರಡೂ ಕೈಯಿಂದ ಹಾಳೆಯನ್ನು ಅಮ್ಮಾರಿಗೆ ಕೊಟ್ಟರು.

ಅಮ್ಮಾರು ದುಂಡಗೆ ಸಹಿ ಮಾಡಿದರು.

"ಈಗ ಖರೇ ಆತು ನೋಡ್ರಿ. ಇನ್ನ ಒಂದು ವಾರ ಛಲೋತ್ನ್ಯಾಗ ಕಲೀರಿ. ಗುಡ್ಡದ ದಾರ್ಯಾಗ ಲೈಟಿನ ಕಂಬ ಭಾಳ ಅದಾವಂತ."