ಕಂಪ್ಯೂಟರಿನ ದೃಷ್ಟಿ, ಅತ್ತೆಯ ಎಮ್ಮೆ

ನಾನು ಬಾಯಿ ಬಿಡುವುದೇ ಅಪರೂಪ. ಬಿಟ್ಟಾಗಲೆಲ್ಲ ಇಂಥದ್ದೇನಾದರೂ ಆಗಿಯೇ ತೀರುತ್ತದೆ. ಗಂಗಾವತಿಯ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕಲಿತ ನನ್ನ ಕನ್ನಡ ಅಷ್ಟಕ್ಕಷ್ಟೆ. ಇದು ಎಂ.ಟೆಕ್ ಓದುತ್ತಿದ್ದಾಗಿನ ಮಾತು.

೧. ಡಿಕ್ಷನರಿ ಕೊಟ್ಟ ಪದ

ರಸ್ತೆಗೆ ಅಡ್ಡ ಬಂದದ್ದು ಎಮ್ಮೆಯೋ ಗಾಡಿಯೋ ಎಂದು ಫೋಟೊ ನೋಡಿ ಹೇಳಲು ಕಂಪ್ಯೂಟರಿಗೆ ಕಲಿಸುವುದು ನನ್ನ ಸಂಶೋಧನೆ. ಗಾಡಿಗಳ ಫೋಟೊ ಇಂಟರ್ನೆಟ್ಟಿನಲ್ಲಿ ಸಿಕ್ಕವು, ಎಲ್ಲ ಶೋರೂಮಿನಲ್ಲಿ ನಿಂತಂಥವು. ಎಮ್ಮೆಗಳಿಗಾಗಿ ನವಲಿ ಹಳ್ಳಿಗೆ, ಸೋದರತ್ತೆಯ ಮನೆಗೆ ಹೋದೆ.

"ಏನ್ ಓದಾಕತ್ತೀಯವಾ?" ಎಂದರು ಅತ್ತೆ.

ಕಂಪ್ಯೂಟರ್ ವಿಷನ್ ಎಂದರೆ ತಿಳಿಯಲಿಕ್ಕಿಲ್ಲವೆಂದು ಡಿಕ್ಷನರಿಯ ಪದ ಹೇಳಿದೆ. "ಕಂಪ್ಯೂಟರ್ ದೃಷ್ಟಿ, ಅತ್ತಿ. ಅದು ನಿಮ್ಮ ಎಮ್ಮಿ ಮ್ಯಾಲೆ ಬೀಳಬೇಕು."

ಅತ್ತೆ ಎದ್ದು ಹೋಗಿ ದನದ ಮನೆಯ ಬಾಗಿಲು ಹಾಕಿದರು. "ಮಂದಿ ದೃಷ್ಟಿನ ಸಾಕಾಗೇತಿ. ಇನ್ನ ಅದರದೊಂದು ಬ್ಯಾರೆ ಬೇಕೇನ?"

೨. ಸಿಂಗಾರ

ಕಡೆಗೆ ಒಪ್ಪಿದರು. ಆದರೆ ನಾನು ಕ್ಯಾಮೆರಾ ತೆಗೆಯುವ ಮೊದಲೇ ಎಮ್ಮೆಯ ಕೊರಳಿಗೆ ಲಿಂಬೆಹಣ್ಣು, ಹಸಿಮೆಣಸಿನಕಾಯಿ ಕಟ್ಟಿದರು. ಓಣಿಯವರೂ ತಮ್ಮ ಎಮ್ಮೆಗಳಿಗೆ ಕಟ್ಟಿಕೊಂಡೇ ಹೊಡಕೊಂಡು ಬಂದರು. ಬಿಚ್ಚಿ ಎನ್ನಲು ನನಗೆ ನಾಚಿಕೆ.

ಒಬ್ಬಾಕೆಯ ಎಮ್ಮೆಯದು ಮಾತ್ರ ಬರಿಗೊರಳು. "ನಿನ್ನ ಎಮ್ಮಿಗೆ ಯಾಕ ಕಟ್ಟಿಲ್ಲ?" ಎಂದು ಅತ್ತೆ ಕೇಳಿದರೆ, "ಹಿಂಡಿದ್ರ ನಾಕು ಹನಿ ಕೊಡೂದಿಲ್ಲ, ಇದಕ್ಯಾರ ದೃಷ್ಟಿ ತಗಲತೈತಿ ಬಿಡಕ್ಕಾ. ಕಂಪ್ಯೂಟರಾರ ಒಂದೀಟು ನೋಡ್ಲಿ!" ಎಂದಳು.

೩. ಲೀಟರಿನ ಲೆಕ್ಕ

ಪ್ರಬಂಧ ಸಲ್ಲಿಸಬೇಕಾದರೆ ವಿಭಾಗದ ಎಲ್ಲರೆದುರು ಕಂಪ್ಯೂಟರ್ ಸರಿಯುತ್ತರ ಕೊಡಬೇಕಿತ್ತು. ಎಮ್ಮೆಗಳೆಲ್ಲ ಪಾಸು. ಹಿಗ್ಗಿದ ಗೈಡ್ ಸರ್ ತಮ್ಮ ಹೊಸ ಸ್ಕೂಟರಿನ ಫೋಟೊ ಕೊಟ್ಟರು. ಪರದೆಯ ಮೇಲೆ ಬಂತು: ಎಮ್ಮೆ.

ನನ್ನ ಡಿಗ್ರಿ ಕಾಲುವೆಯಲ್ಲಿ ತೇಲಿಹೋದಂತಾಯಿತು. ಫೋಟೊ ಮತ್ತೆ ನೋಡಿದೆ. ಸ್ಕೂಟರಿನ ಮುಂದೆ ಲಿಂಬೆಹಣ್ಣು, ಮೆಣಸಿನಕಾಯಿ ನೇತಾಡುತ್ತಿದ್ದವು! ಕಂಪ್ಯೂಟರ್ ಕಲಿತದ್ದು ಎಮ್ಮೆಯನ್ನಲ್ಲ, ಲಿಂಬೆಹಣ್ಣನ್ನು. "ಅತ್ತಿ ಕಟ್ಟಿದ್ರು ಸರ್..." ಎಂದು ತೊದಲುತ್ತ ಎಲ್ಲ ಹೇಳಿದೆ.

ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಮೇಷ್ಟ್ರು ಗೈಡ್ ಸರ್ ಕಡೆ ತಿರುಗಿ ಅಂದರು, "ನಿಮ್ಮ ಗಾಡಿ ಲೀಟರಿಗೆ ಎಷ್ಟು ಕೊಡತೈತಿ ಅಂತ ಕೇಳಬೇಕಂತಿದ್ದೆ. ಇನ್ನ ಹೊತ್ತಿಗೆ ಎಷ್ಟು ಲೀಟರ್ ಕೊಡತೈತಿ ಅಂತ ಕೇಳಬೇಕಲ್ರಿ!"

ಗೈಡ್ ಸರ್ ಕೂಡ ನಕ್ಕುಬಿಟ್ಟರು. "ಈ ತಪ್ಪನ್ನ ಒಂದು ಅಧ್ಯಾಯ ಮಾಡಿ ಬರಿಯವಾ, ಸಹಿ ಹಾಕ್ತೀನಿ."

ಈಗಲೂ ಲಿಂಬೆಹಣ್ಣು ಕಟ್ಟಿದ ಗಾಡಿ ಕಂಡರೆ ನವಲಿಯ ಆ ಓಣಿ, ಅವತ್ತು ಸಂಜೆ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡ ಅತ್ತೆಯ ದನಿ ನೆನಪಾಗುತ್ತವೆ:

"ನೋಡಿದಿ? ನನ್ನ ಎಮ್ಮಿಗೆ ಏನೂ ಆಗಲಿಲ್ಲ. ದೃಷ್ಟಿ ತಗಲಿದ್ದು ನಿನ್ನ ಕಂಪ್ಯೂಟರಿಗೆ. ಮೊದಲ ಅದಕ್ಕೊಂದು ಲಿಂಬಿಹಣ್ಣ ಕಟ್ಟು!"