ಸೆರಗಿನಲ್ಲಿ ಹೊರಟ ನೌಕಾಪಡೆ

ಭಾನುವಾರ ಬೆಳಗ್ಗೆ ಕೋದಂಡರಾಮಯ್ಯನವರು ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಮಗ್ಗಕ್ಕೆ ನೂಲು ಸುತ್ತಿಡುವ ಖಾಲಿ ಕಂಡಿಕೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಲಾಗಿ ನಿಲ್ಲಿಸುತ್ತಿದ್ದರು. ದೇವರ ವಿಗ್ರಹ ತೊಳೆಯುವವರ ಮುಖದಲ್ಲೂ ಅಷ್ಟು ಭಕ್ತಿ ಇರುವುದಿಲ್ಲ. ಕೆಂಪು ದಾರ ಕಟ್ಟಿದ ನಾಲ್ಕು ದಪ್ಪ ಕಂಡಿಕೆಗಳು ಜಪಾನಿನ ವಿಮಾನವಾಹಕ ಹಡಗುಗಳು. ಲೋಟದ ತುಂಬ ಇದ್ದ ಹುಣಸೆಬೀಜಗಳು ಸೈನಿಕರನ್ನು ದಡಕ್ಕೆ ಇಳಿಸುವ ದೋಣಿಗಳು. ಎದುರಿಗೆ ಹಾಸಿದ್ದ ಹಳೆಯ ನೀಲಿ ದುಪ್ಪಟಿ, ಪೆಸಿಫಿಕ್ ಮಹಾಸಾಗರ.

ದೊಡ್ಡಬಳ್ಳಾಪುರದಲ್ಲಿ ನಾಲ್ಕು ವಿದ್ಯುತ್ ಮಗ್ಗ ಇಟ್ಟುಕೊಂಡಿದ್ದ ಈ ಮನುಷ್ಯ ಸಮುದ್ರವನ್ನು ಕಣ್ಣಾರೆ ಕಂಡವರಲ್ಲ. ಅವರು ಕಂಡಿದ್ದ ಅತಿ ದೊಡ್ಡ ನೀರೆಂದರೆ ಕೋಡಿ ಬಿದ್ದ ವರ್ಷದ ರಾಜಘಟ್ಟದ ಕೆರೆ. ಆದರೂ ೧೯೪೨ರ ಜೂನ್ ತಿಂಗಳಲ್ಲಿ ಮಿಡ್ವೇ ದ್ವೀಪದ ಬಳಿ ಯಾವ ಹಡಗು ಎತ್ತ ಮುಖ ಮಾಡಿತ್ತು ಎಂದು ಕೇಳಿದರೆ, ತಮ್ಮ ಮನೆಯ ಬಚ್ಚಲು ಯಾವ ದಿಕ್ಕಿಗಿದೆ ಎಂದು ಹೇಳುವಷ್ಟು ಸಲೀಸಾಗಿ ಹೇಳುತ್ತಿದ್ದರು. ಅಲ್ಲಿ ಜಪಾನ್ ನಾಲ್ಕು ವಿಮಾನವಾಹಕಗಳನ್ನು ಕಳೆದುಕೊಂಡಿತು, ಯುದ್ಧದ ದಿಕ್ಕೇ ಬದಲಾಯಿತು. ಹಾಗಾಗದೆ ಹೋಗಿದ್ದರೆ? ಈ ಒಂದೇ ಪ್ರಶ್ನೆ ಹಿಡಿದು ಅವರೂ ಗೆಳೆಯ ಜಯಕುಮಾರರೂ ಆರು ವರ್ಷದಿಂದ ಪ್ರತಿ ಭಾನುವಾರ ಆಡುತ್ತಿದ್ದರು. ಮೊದಲ ದಿನ ಚೀಟಿ ಎತ್ತಿದಾಗ ಕೋದಂಡರಾಮಯ್ಯನವರಿಗೆ ಜಪಾನ್ ಬಂದಿತ್ತು, ಜಯಕುಮಾರರಿಗೆ ಅಮೆರಿಕ. ಅಂದಿನಿಂದ ಜಪಾನ್ ಒಂದು ಸಲವೂ ಗೆದ್ದಿಲ್ಲ.

ಜಯಕುಮಾರರು ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್ ಆಗಿ ನಿವೃತ್ತರಾದವರು. ಪ್ಲಾಟ್‌ಫಾರಮ್ಮಿಗೆ ಬಸ್ ಹಚ್ಚಿದಂತೆ ತಮ್ಮ ಹಡಗುಗಳನ್ನೆಲ್ಲ ಮಿಡ್ವೇ ಪಕ್ಕದಲ್ಲಿ ನಿಲ್ಲಿಸಿ ಕೂತುಬಿಡುತ್ತಿದ್ದರು. ಕೋದಂಡರಾಮಯ್ಯನವರು ಹಠಕ್ಕೆ ಬಿದ್ದು ಅಲ್ಲಿಗೇ ಹೋಗಿ ಮುಳುಗುತ್ತಿದ್ದರು. ಆದರೆ ಇವತ್ತು ಕೊನೆಯ ಭಾನುವಾರ. ಜಯಕುಮಾರರೂ ಅವರ ಹೆಂಡತಿ ರುಕ್ಮಿಣಮ್ಮನೂ ನಾಳೆ ಬೆಳಗ್ಗೆ ಹೊಸಕೋಟೆಗೆ ಮನೆ ಬದಲಾಯಿಸುವವರಿದ್ದರು. ಗೆದ್ದರೆ ಇವತ್ತು ಗೆಲ್ಲಬೇಕು.

ಅದಕ್ಕೆಂದೇ ಅವರು ಮೂರು ತಿಂಗಳು ನಿದ್ದೆಗೆಟ್ಟು ಒಂದು ಉಪಾಯ ಹೂಡಿದ್ದರು. ನಾಲ್ಕು ವಿಮಾನವಾಹಕಗಳೂ ಮಿಡ್ವೇ ಕಡೆಗೇ ಹೊರಡುತ್ತವೆ. ಅರ್ಧ ದಾರಿಯಲ್ಲಿ ಥಟ್ಟನೆ ದಕ್ಷಿಣಕ್ಕೆ ತಿರುಗಿ ಫಿಜಿ ದ್ವೀಪಗಳ ಮೇಲೆ ಬೀಳುತ್ತವೆ. ಫಿಜಿ ಸಿಕ್ಕರೆ ಅಮೆರಿಕಕ್ಕೂ ಆಸ್ಟ್ರೇಲಿಯಾಕ್ಕೂ ನಡುವಿನ ದಾರಿ ಕಡಿದಂತೆ. ಮಿಡ್ವೇಯಲ್ಲಿ ಕಾದು ಕೂತವರು ಕೂತೇ ಇರಬೇಕು. ಇನ್ನೂ ಸೊಗಸಾದ ಮಾತೆಂದರೆ, ದಡಕ್ಕಿಳಿಯಲು ಅವರು ಹುಣ್ಣಿಮೆಯ ದಿನ ಆರಿಸಿದ್ದರು. ಮರುವರ್ಷ ತರಾವಾ ದ್ವೀಪದಲ್ಲಿ ನೀರು ಕಡಿಮೆಯಾಗಿ ಅಮೆರಿಕದವರ ದೋಣಿಗಳು ಹವಳದ ದಿಬ್ಬಕ್ಕೆ ಸಿಕ್ಕಿಕೊಂಡಿದ್ದು ಅವರಿಗೆ ಗೊತ್ತಿತ್ತು. ಹುಣ್ಣಿಮೆಯಲ್ಲಿ ಸಮುದ್ರ ಹೆಚ್ಚು ಉಕ್ಕುತ್ತದೆ, ದೋಣಿಗಳು ದಿಬ್ಬದ ಮೇಲೆ ತೇಲಿಕೊಂಡೇ ದಡ ಸೇರುತ್ತವೆ. ಸಮುದ್ರ ಕಾಣದವರ ತಲೆಗೆ ಹೊಳೆದ ವಿಚಾರ ಇದು!

ಗುಟ್ಟು ಹೊರಬೀಳಬಾರದೆಂದು ಅವರು ಯೋಜನೆಯನ್ನು ಸೀರೆಯ ವಿನ್ಯಾಸ ಬರೆಯುವ ಚೌಕುಳಿ ಹಾಳೆಯ ಮೇಲೆ ನೇಕಾರರ ಗುರುತುಗಳಲ್ಲೇ ಬರೆದಿದ್ದರು. ವಿಮಾನವಾಹಕಕ್ಕೆ ಮಾವಿನಕಾಯಿ, ದೋಣಿಗೆ ರುದ್ರಾಕ್ಷಿ, ಫಿಜಿಗೆ ಕಮಲ, ಮೂಲೆಯಲ್ಲಿ ಪೂರ್ಣಚಂದ್ರ. ಯಾರಿಗೂ ಸಂಶಯ ಬರಬಾರದೆಂದು ಮಗ್ಗದ ಕೋಣೆಯಲ್ಲಿ ಉಳಿದ ವಿನ್ಯಾಸಗಳ ಜೊತೆಗೇ ಮೊಳೆಗೆ ಸಿಕ್ಕಿಸಿಟ್ಟಿದ್ದರು.

ಈಗ ಹೋಗಿ ನೋಡಿದರೆ ಮೊಳೆ ಮಾತ್ರ ಇತ್ತು.

"ಬೀರೇಶಾ! ಇಲ್ಲೊಂದು ಹಾಳೆ ಇತ್ತಲ್ಲೋ?"

ಮಗ್ಗ ನೋಡಿಕೊಳ್ಳುವ ಬೀರೇಶ ಹಲ್ಲು ಕಿರಿದ. "ಆ ಮಾವಿನಕಾಯಿ ಡಿಸೈನಾ ಅಣ್ಣ? ನಿನ್ನೇನೇ ತಗೊಂಡೋಗಿ ಕಂಪ್ಯೂಟರ್‌ಗೆ ಹಾಕಿಸ್ಕೊಂಡ್ಬಂದೆ. ನೀವು ಹೇಳೋವರ್ಗೂ ಕಾಯೋ ಆಸಾಮಿನಾ ನಾನು? ಬನ್ನಿ ನೋಡ್ಬನ್ನಿ, ಸೆರಗು ಆಗೇ ಹೋಯ್ತು!"

ಕೋದಂಡರಾಮಯ್ಯನವರು ಮಗ್ಗದ ಮುಂದೆ ಕಂಬದಂತೆ ನಿಂತರು. ಗಿಣಿಹಸಿರು ಸೆರಗಿನ ಮೇಲೆ ಅವರ ಇಡೀ ನೌಕಾಪಡೆ ಜರಿಯಲ್ಲಿ ಥಳಥಳಿಸುತ್ತಿತ್ತು. ನಾಲ್ಕು ಮಾವಿನಕಾಯಿ ಗಂಭೀರವಾಗಿ ಬಂದು, ನಡುವೆ ಸೊಂಟ ತಿರುಗಿಸಿ, ಕೆಳಗಿನ ಕಮಲದ ಕಡೆಗೆ ಇಳಿದಿದ್ದವು. ಹಿಂದೆ ರುದ್ರಾಕ್ಷಿಯ ಸಾಲು. ಗುಟ್ಟು ಹೊರಬಿತ್ತೆಂದು ಗಾಬರಿಯಾದರೂ, ಇಷ್ಟು ಚೆಂದವಾಗಿ ಯಾವ ದೇಶದ ನೌಕಾಪಡೆಯೂ ಹೊರಟಿರಲಾರದು ಎಂದು ಒಂದು ಗಳಿಗೆ ಅನ್ನಿಸದೆ ಇರಲಿಲ್ಲ.

ಪಕ್ಕದ ಮನೆಯ ಅಂಜಿನಮ್ಮ ಆಗಲೇ ಕಿಟಕಿಯಲ್ಲಿ ಇಣುಕಿದ್ದಳು. "ಅಲ್ಲ ಕಣ್ ಕೋದಂಡಣ್ಣ, ಮಾವಿನಕಾಯಿ ಅಂದ್ರೆ ನೆಟ್ಟಗೆ ಸಾಲಾಗಿ ಕೂತಿರ್ಬೇಕು. ಇವೇನು ಸಂತೆಗೆ ಹೊರಟು ಚೀಲ ಮರ್ತೋರಂಗೆ ಅರ್ಧ ದಾರೀಲಿ ತಿರುಗ್ಕೊಂಡವೆ?"

"ಅದು ಈಗಿನ ಫ್ಯಾಷನ್ನು ಕಣಮ್ಮ."

"ಹಂಗಾದ್ರೆ ನಂಗೂ ಒಂದು ಇರ್ಲಿ. ನನ್ನ ತಂಗಿಗೂ ಒಂದು."

ಹೊಸ ವಿನ್ಯಾಸದ ಮೊದಲ ಸೀರೆಯನ್ನು ಅರ್ಧಕ್ಕೆ ಕತ್ತರಿಸಲು ಹೆಂಡತಿ ಶಾಮಲಾ ಒಪ್ಪುವುದಿಲ್ಲ. ಮುಗಿದ ಕೂಡಲೇ ಬೀರುವಿನಲ್ಲಿಟ್ಟು ಬೀಗ ಹಾಕಿದರಾಯಿತು ಎಂದುಕೊಂಡು ಕೋದಂಡರಾಮಯ್ಯನವರು ಅಪ್ಪಯ್ಯಣ್ಣನ ಟೀ ಅಂಗಡಿಗೆ ಹೋದರು. ಆಟಕ್ಕೆ ಅಪ್ಪಯ್ಯಣ್ಣನೇ ತೀರ್ಪುಗಾರ. ಇಬ್ಬರೂ ಯೋಜನೆ ಬರೆದು ಕವರಿನಲ್ಲಿ ಹಾಕಿ ಕೊಡಬೇಕು, ಅವನು ನಾಲ್ಕು ಗಂಟೆಗೆ ಒಡೆಯಬೇಕು. ಹೊಸ ಹಾಳೆಯಲ್ಲಿ ಮತ್ತೆ ಫಿಜಿಯನ್ನೇ ಬರೆದು, ಒಂದು ಟೀ ಕುಡಿದು, ಹರಟೆ ಹೊಡೆದು ಮಧ್ಯಾಹ್ನದ ಹೊತ್ತಿಗೆ ಮನೆಗೆ ಬಂದರು. ಮಗ್ಗ ನಿಂತಿತ್ತು, ಸೀರೆ ಇರಲಿಲ್ಲ.

"ಸೀರೆ ಎಲ್ಲೇ?"

"ರುಕ್ಮಿಣಕ್ಕಂಗೆ ಕೊಟ್ಟೆ ಕಣ್ರೀ," ಎಂದಳು ಶಾಮಲಾ. "ನಾಳೆ ಊರು ಬಿಟ್ಟು ಹೋಗ್ತಾರೆ. ಕರ್ದು ಕೂರಿಸಿ, ಅಕ್ಕಿ ಬೆಲ್ಲ ಕೊಬ್ಬರಿ ಹಾಕಿ ಮಡಿಲು ತುಂಬಿಸ್ದೆ. ಬರಿಗೈಲಿ ಕಳ್ಸಕ್ಕಾಗುತ್ತಾ?"

"ಅಯ್ಯೋ! ವಾಪಸ್ ತಗೊಂಬಾರೇ!"

ಶಾಮಲಾ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮಡಿಲಿಗೆ ಹಾಕಿದ್ದನ್ನ ವಾಪಸ್ ಕೇಳೋ ಮನೆಗೆ ನಮ್ಮಪ್ಪ ನನ್ನ ಕೊಟ್ಟಿಲ್ಲ."

ಇನ್ನುಳಿದಿದ್ದು ಒಂದೇ ದಾರಿ. ಕೋದಂಡರಾಮಯ್ಯನವರು ಜಯಕುಮಾರರ ಮನೆಗೆ ಓಡಿದರು. ಅಲ್ಲಿ ಜಯಕುಮಾರರು ಪಾತ್ರೆಗಳ ನಡುವೆ ಕೂತು ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು.

"ಅತ್ತಿಗೆ, ಆ ಸೀರೇಲಿ ಒಂದು ಎಳೆ ತಪ್ಪಿದೆ. ಕೊಡಿ, ಸರಿ ಮಾಡ್ಸಿ ಕೊಡ್ತೀನಿ."

ರುಕ್ಮಿಣಮ್ಮನೂ ನೇಕಾರರ ಮನೆಯ ಮಗಳು. "ಎಳೆ ತಪ್ಪಿದ್ಯಾ? ಎಲ್ಲಿ, ತೋರ್ಸಿ," ಎಂದವರೇ ಸೆರಗನ್ನು ಉದ್ದಕ್ಕೂ ಹರವಿ ಕಿಟಕಿಯ ಬೆಳಕಿಗೆ ಹಿಡಿದರು. "ಇಲ್ಲಿ ಸರಿಯಾಗಿದೆ. ಇಲ್ಲೂ ಸರಿಯಾಗಿದೆ. ಈ ಚಂದ್ರನ ಹತ್ರಾನಾ?" ಒಂದೊಂದು ಮಾವಿನಕಾಯಿಯ ಮೇಲೂ ಬೆರಳಿಟ್ಟು ಕಮಲದವರೆಗೆ ಬಂದು, ಬೆರಳನ್ನು ಮತ್ತೆ ಚಂದ್ರನ ಹತ್ತಿರ ಒಯ್ದರು. ಆಮೇಲೆ ಗಂಡನ ಕಡೆ ತಿರುಗಿದರು. "ರೀ, ಹೆಂಗಿದೆ ನೋಡ್ರೀ."

ಜಯಕುಮಾರರು ತಲೆಯೆತ್ತಿ ನಿಧಾನವಾಗಿ ನಕ್ಕರು. "ಚೆನ್ನಾಗಿದೆ, ಚೆನ್ನಾಗಿದೆ."

ಆ ನಗು ಕಂಡದ್ದೇ ಕೋದಂಡರಾಮಯ್ಯನವರು ಸೀರೆಯ ಮಾತು ಬಿಟ್ಟು ಹೊರಬಿದ್ದರು. ದಾರಿಯುದ್ದಕ್ಕೂ ಅವರು ತಮ್ಮಷ್ಟಕ್ಕೆ ಗೊಣಗಿಕೊಂಡರು. ಆ ಯುದ್ಧದಲ್ಲೂ ಹೀಗೇ ಆಗಿತ್ತು. ಅಮೆರಿಕದವರು ಜಪಾನಿನ ಗುಪ್ತಲಿಪಿ ಓದಿಬಿಟ್ಟಿದ್ದರು, ಜಪಾನಿಗೆ ಅನುಮಾನವೇ ಬರಲಿಲ್ಲ. ಆದರೆ ನಾನು ಅಷ್ಟು ದಡ್ಡನಲ್ಲ! ಜಯಣ್ಣನಿಗೆ ಫಿಜಿ ಗೊತ್ತಾಗಿದೆ. ಆರು ವರ್ಷದಲ್ಲಿ ಮೊದಲ ಸಲ ಹಡಗುಗಳನ್ನೆಲ್ಲ ದಕ್ಷಿಣಕ್ಕೆ ಕಳಿಸುತ್ತಾನೆ. ಅಂದರೆ ಮಿಡ್ವೇ ಖಾಲಿ!

ಅಪ್ಪಯ್ಯಣ್ಣನ ಅಂಗಡಿಗೆ ಹೋಗಿ ಕವರನ್ನು ವಾಪಸ್ ಪಡೆದು, ಹೊಸದನ್ನು ಬರೆದುಕೊಟ್ಟರು. ನಾಲ್ಕೂ ಹಡಗು ನೇರವಾಗಿ ಮಿಡ್ವೇಗೆ. ಬೆವರು ಒರೆಸಿಕೊಂಡು ಎರಡನೆಯ ಟೀ ಹೇಳಿದರು. ಸೋಲುವವನ ಟೀ ಅಲ್ಲ ಅದು.

ನಾಲ್ಕು ಗಂಟೆಗೆ ನಡುಮನೆ ತುಂಬಿತ್ತು. ರುಕ್ಮಿಣಮ್ಮ ಹೊಸ ಸೀರೆಯನ್ನೇ ಉಟ್ಟು ಬಂದಿದ್ದರು. ಅಂಜಿನಮ್ಮ ಬೀದಿಯ ಇನ್ನೂ ನಾಲ್ವರನ್ನು ಕರೆತಂದು ಸೆರಗು ತೋರಿಸುತ್ತಿದ್ದಳು. ಅಪ್ಪಯ್ಯಣ್ಣ ಕೋದಂಡರಾಮಯ್ಯನವರ ಕವರನ್ನು ಮೊದಲು ಒಡೆದು ನಾಲ್ಕು ಕಂಡಿಕೆಗಳನ್ನು ಮಿಡ್ವೇ ಪಕ್ಕ ಇಟ್ಟ. ಆಮೇಲೆ ಜಯಕುಮಾರರದ್ದನ್ನು ಒಡೆದ. ಒಡೆದವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಅಮೆರಿಕದ್ದು ಎಲ್ಲಾ ಮಿಡ್ವೇಲೇ. ಎಂದಿನಂಗೆ."

ನಾಲ್ಕು ಕಂಡಿಕೆಗಳನ್ನೂ ಒಂದೊಂದಾಗಿ ಮಲಗಿಸಿದ. ದುಪ್ಪಟಿಯ ಕೆಳಮೂಲೆಯಲ್ಲಿ ಫಿಜಿ ಒಂದು ಹುಣಸೆಬೀಜದ ಕಾವಲೂ ಇಲ್ಲದೆ ಬಿದ್ದಿತ್ತು. "ಬೆಳಗ್ಗೆ ಕೊಟ್ಟ ಕವರು ಹಂಗೇ ಇರ್ಲಿ ಅಂದಿದ್ರೆ ಗೆದ್ದಿದ್ರಿ ಸ್ವಾಮಿ," ಎಂದ ಅಪ್ಪಯ್ಯಣ್ಣ.

ಕೋದಂಡರಾಮಯ್ಯನವರು ಜಯಕುಮಾರರ ಕಡೆ ತಿರುಗಿದರು. "ಮತ್ತೆ... ಸೀರೆ ನೋಡಿ ಯಾಕೆ ನಕ್ಕೆ ಜಯಣ್ಣ?"

"ಯಾವ ಸೀರೆ ಕಣಯ್ಯ?" ಜಯಕುಮಾರರು ಸುತ್ತ ನೋಡಿ ದನಿ ತಗ್ಗಿಸಿದರು. "ಅವಳು ಸೀರೆ ತೋರ್ಸಿದ್ರೆ ನೋಡ್ದೇನೇ ನಕ್ಕು ಚೆನ್ನಾಗಿದೆ ಅಂತೀನಿ. ಮದ್ವೆ ಆದಾಗಿಂದ ಹಂಗೇ ಬದ್ಕಿರೋದು ನಾನು."

"ನನಗೆ ಗೊತ್ತಿಲ್ವಾ ಅದು?" ಎಂದರು ರುಕ್ಮಿಣಮ್ಮ. ಎಲ್ಲರೂ ಅವರ ಕಡೆ ತಿರುಗಿದರು. ಆರು ವರ್ಷ ಆ ಮೂಲೆಯಲ್ಲಿ ಕೂತು ಕಾಫಿ ಹಂಚಿದವರು, ಹಡಗಿನ ಬಗ್ಗೆ ಒಂದು ಮಾತೂ ಆಡಿದವರಲ್ಲ. ಈಗ ಸೆರಗನ್ನು ಮುಂದಕ್ಕೆಳೆದು ಬೆರಳಿಟ್ಟರು. "ಮಾವಿನಕಾಯಿ ನಾಲ್ಕೇ ಯಾಕೆ? ಇದು ಹಡಗು. ಈ ಕಮಲ ಫಿಜಿ. ಚಂದ್ರ ಯಾಕೆ ಅಂತ ಮಾತ್ರ ಸ್ವಲ್ಪ ಯೋಚ್ನೆ ಮಾಡ್ದೆ. ನೀರು ಉಕ್ಕಿದಾಗ ಇಳಿಸೋದು, ಅಲ್ವಾ? ಬಲು ಚೆನ್ನಾಗಿತ್ತು ಕೋದಂಡಣ್ಣ. ಒಂದ್ಸಲನಾದ್ರೂ ನೀವು ಗೆಲ್ಲಿ ಅಂತ ಇವರಿಗೆ ಬಾಯಿ ಬಿಡ್ಲಿಲ್ಲ."

ಕೋದಂಡರಾಮಯ್ಯನವರು ಒಮ್ಮೆ ಸೆರಗನ್ನೂ ಒಮ್ಮೆ ಖಾಲಿ ಬಿದ್ದ ಫಿಜಿಯನ್ನೂ ನೋಡಿದರು. ಇಡೀ ಪೆಸಿಫಿಕ್ಕಿನಲ್ಲಿ ಅವರ ಲಿಪಿ ಓದಿದವರು ಒಬ್ಬರೇ, ಅವರು ಜಪಾನಿನ ಪಕ್ಷದಲ್ಲಿದ್ದರು.

ಜಯಕುಮಾರರು ಪೆಟ್ಟಿಗೆ ಕಟ್ಟುವುದಿದೆ ಎಂದು ಎದ್ದರು. ಶಾಮಲಾ ಲೋಟಗಳನ್ನು ಎತ್ತಿದಳು. ಹೆಂಗಸರು ಸೆರಗು ಹಿಡಿದುಕೊಂಡೇ ರುಕ್ಮಿಣಮ್ಮನನ್ನು ಬಾಗಿಲವರೆಗೆ ಕಳಿಸಲು ಹೊರಟರು. ಅಷ್ಟರಲ್ಲಿ ಏಳು ಸೀರೆಗೆ ಬೇಡಿಕೆ ಬಂದಿತ್ತು. ಒಳಗೆ ಬೀರೇಶ ಮಗ್ಗದ ಸ್ವಿಚ್ಚು ಹಾಕಿದ. ಗಡಗಡ ಸದ್ದಿನ ನಡುವೆ ಎರಡನೆಯ ಸೆರಗಿನ ಮೇಲೆ ನಾಲ್ಕು ಹಡಗು ಮತ್ತೆ ಫಿಜಿಗೆ ಹೊರಟವು.

ಕೋದಂಡರಾಮಯ್ಯನವರು ಮಲಗಿದ್ದ ಕಂಡಿಕೆಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸಿದರು.

"ಜಯಣ್ಣ, ಇನ್ನೊಂದೇ ಒಂದು ಆಟ ಆಡೋಣ, ಕೂತ್ಕೋ," ಎಂದರು.